ಕ್ಯಾನಿಗೆ ಹೊಲಿದ ಗವಸು

ನನ್ನ ಗಂಡನಿಗೆ ಬೀದಿಯವರು ಇಟ್ಟ ಹೆಸರು ನೀರಪ್ಪ. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷದಿಂದ ಆಪರೇಟರ್. ಯಾರ ಮನೆಗೆ ಹೋದರೂ ಮೊದಲು ಒಂದು ಲೋಟ ನಲ್ಲಿ ನೀರು ಕೇಳಿ, ಬೆಳಕಿಗೆ ಹಿಡಿದು ನೋಡಿ, ಗಟಗಟ ಕುಡಿದು, "ನಮ್ದೇ" ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ನನಗೆ ಹೆಮ್ಮೆಯಾಗಿತ್ತು. ಈಗ ಅವರ ಜೊತೆ ನೆಂಟರ ಮನೆಗೆ ಹೋಗಲು ನಾಚಿಕೆ. ಅತಿಥಿಗಳ ಮುಂದೆ ಬಾಟಲಿ ನೀರು ಇಡುವವರ ಮೇಲೆ ಬರುವಷ್ಟು ಸಿಟ್ಟು ಅವರಿಗೆ ನನ್ನ ಮೇಲೂ ಯಾವತ್ತೂ ಬಂದಿಲ್ಲ.

ಇಂಥವರ ಮನೆಗೆ ಜೀವಂತ ಹವಳ ಬಂತು. ಅವರಿಗೆ ಕೆಲಸ ಕಲಿಸಿದ ಹಿರಿಯ ಅಧಿಕಾರಿಯೊಬ್ಬರಿದ್ದಾರೆ, ನಾವೆಲ್ಲ ದೊಡ್ಡವರು ಅಂತಲೇ ಕರೆಯುವುದು. ನಿವೃತ್ತರಾದ ಮೇಲೆ ಬಿದ್ದು ಸೊಂಟ ಮುರಿದುಕೊಂಡು ಮಗಳ ಮನೆಯ ಮೂರನೇ ಮಹಡಿಗೆ ಹೋಗಬೇಕಾಯಿತು. ಹತ್ತೊಂಬತ್ತು ವರ್ಷ ಸಾಕಿದ ಉಪ್ಪುನೀರಿನ ತೊಟ್ಟಿಯನ್ನು ಅಲ್ಲಿಗೆ ಹತ್ತಿಸುವ ಹಾಗಿರಲಿಲ್ಲ. ಮೀನು, ಕಲ್ಲು ಎಲ್ಲ ಹಂಚಿದರು. ಕೈಯಾರೆ ಬೆಳೆಸಿದ, ಅಂಗೈಯಗಲದ ನೇರಳೆ ಹವಳವನ್ನು ಮಾತ್ರ ನಮ್ಮವರ ಕೈಗಿಟ್ಟರು.

"ಇದೊಂದೇ ಉಳ್ಕೊಂಡಿರೋದು ಕಣೋ. ನಡೆಯೋ ಹಾಗಾದ್ಮೇಲೆ ಬಂದು ನೋಡ್ತೀನಿ" ಅಂದರು.

ಅಪ್ಪ ತೀರಿಕೊಂಡಾಗಲೂ ಅಳದ ನಮ್ಮವರ ಕಣ್ಣು ಅವತ್ತು ಒದ್ದೆಯಾಯಿತು. ನಾನು ಆಗಲೇ ಅಂದುಕೊಂಡೆ, ಇದು ಬದುಕಿದರೆ ಸರಿ, ಇಲ್ಲದಿದ್ದರೆ ನನ್ನ ಕಥೆ ಮುಗಿಯಿತು ಅಂತ.

ಹೊಸ ಗಾಜಿನ ತೊಟ್ಟಿ ಮುಂದಿನ ಕೋಣೆಗೆ ಬಂತು, ಸರಿಯಾಗಿ ನನ್ನ ಹೊಲಿಗೆ ಯಂತ್ರದ ಎದುರಿಗೆ. ನಾನು ಪರದೆ, ಸೋಫಾದ ಗವಸು, ಶಾಲೆಯ ಯೂನಿಫಾರ್ಮು ಹೊಲಿಯುವವಳು. ತಲೆ ಎತ್ತಿದರೆ ತೊಟ್ಟಿಯೇ ಕಾಣುತ್ತದೆ. ಅಡುಗೆಮನೆಯ ನಲ್ಲಿಯಿಂದ ಬಕೆಟ್ಟು ತುಂಬಿಸಿ, ಕ್ಲೋರಿನ್ ತೆಗೆದು, ಸಮುದ್ರದ ಉಪ್ಪಿನ ಪುಡಿ ಕದಡಿ ಸುರಿದರು. ಕಿತ್ತಳೆ ಬಣ್ಣದ ಎರಡು ಮೀನು ಬಂದವು. ಎರಡು ವಾರ ನೋಡಲು ಎರಡು ಕಣ್ಣು ಸಾಲದು.

ಮೂರನೇ ವಾರ ಮರಳಿನ ಮೇಲೆ ಯಾರೋ ಕಾಫಿಪುಡಿ ಉದುರಿಸಿದ ಹಾಗೆ ಕಂದು ಧೂಳು ಕೂತಿತು. "ಹೊಸ ತೊಟ್ಟಿ, ತಾನೇ ಹೋಗುತ್ತೆ" ಅಂದರು. ಹೋಯಿತು, ತನ್ನ ಅಣ್ಣನನ್ನು ಕಳಿಸಿ ಹೋಯಿತು. ಕಲ್ಲಿನ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ ಎದ್ದಿತು. ಅದರ ಹಿಂದೆಯೇ ಕೆಂಪು ಲೋಳೆ, ಕಿತ್ತರೆ ಬೆರಳಿಗೆ ಅಂಟಿ ಕೊಳೆತ ವಾಸನೆ. ಹಸಿರು ಪಾಚಿ ಹವಳದ ಬುಡ ಹತ್ತಿತು. ಅದು ಮುಟ್ಟಿದ ಕಡೆಯೆಲ್ಲ ಹವಳ ಬೆಳ್ಳಗಾಗುತ್ತದೆ, ಬೆಳ್ಳಗಾದದ್ದು ಸತ್ತಂತೆಯೇ ಲೆಕ್ಕ.

ಅಲ್ಲಿಂದ ಶುರುವಾಯಿತು ನಮ್ಮ ಗೋಳು. ಕಲ್ಲನ್ನೆಲ್ಲ ಹೊರತೆಗೆದು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆವು. ಉಜ್ಜಿದೆವು ಅಂತ ಬಾಯಿಮಾತಿಗೆ ಹೇಳಿದೆ, ಉಜ್ಜಿದವಳು ನಾನು. ಯೂನಿಫಾರ್ಮಿನ ಸೀಸನ್ನಿನಲ್ಲಿ ಬೆರಳಿನ ಸಂದಿಯೆಲ್ಲ ಉಪ್ಪು ಕೂತು ಸೂಜಿ ಹಿಡಿದರೆ ಉರಿ. ತೊಟ್ಟಿಯ ದೀಪ ಉರಿಸುವ ಹೊತ್ತು ಅರ್ಧ ಮಾಡಿದರು. ಮೀನಿನ ಊಟ ಅರ್ಧ ಮಾಡಿದರು, ಅವು ನನ್ನನ್ನೇ ದುರುಗುಟ್ಟಿ ನೋಡತೊಡಗಿದವು. ಪಾಚಿ ತಿನ್ನಲಿ ಅಂತ ಹನ್ನೆರಡು ಬಸವನಹುಳ ತಂದು ಬಿಟ್ಟರು. ಆ ಮಹಾಶಯರು ಅಂಗಾತ ಬಿದ್ದರೆ ತಾವಾಗಿ ಏಳುವುದಿಲ್ಲ. ಒಂದು ಕಾಲರು ಹೊಲಿಯುವುದರಲ್ಲಿ ನಾನು ಮೂರು ಸಲ ಎದ್ದು ಹೋಗಿ ಅವರನ್ನು ನೆಟ್ಟಗೆ ಮಾಡಬೇಕು.

ಇಷ್ಟಾದರೂ ಜಗ್ಗದಾಗ ನಮ್ಮವರು ವಾರಕ್ಕೊಮ್ಮೆ ಬದಲಾಯಿಸುತ್ತಿದ್ದ ನೀರನ್ನು ವಾರಕ್ಕೆ ಮೂರು ಸಲ ಬದಲಾಯಿಸತೊಡಗಿದರು. ನೀರು ಬದಲಾಯಿಸಿದ ಮಾರನೆಯ ದಿನ ಪಾಚಿ ಇನ್ನೂ ಸೊಂಪಾಗಿ ತಲೆದೂಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನನಗೆ ಆ ಬಕೆಟ್ಟು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಬೀದಿಯ ಆ ತುದಿಯಲ್ಲಿ ಬಣ್ಣದ ಮೀನು ಮಾರುವವನ ಅಂಗಡಿಯಿದೆ. ಅವನು ಮನೆಗೇ ಬಂದು ನೋಡಿ, "ಸಾರ್, ಪಾಚಿಗೆ ಫಾಸ್ಫೇಟ್ ಅಂದ್ರೆ ಪ್ರಾಣ. ಎಲ್ಲಿಂದ್ಲೋ ಬರ್ತಾ ಇದೆ" ಅಂದ.

ನಮ್ಮವರು ಪರೀಕ್ಷೆಯ ಕಿಟ್ಟು ತಂದು ತೊಟ್ಟಿಯ ನೀರಿಗೆ ಹನಿ ಬಿಟ್ಟರು. ಫಾಸ್ಫೇಟ್ ಇದ್ದರೆ ನೀಲಿ ಬರಬೇಕು, ಬಣ್ಣವೇ ಬರಲಿಲ್ಲ. "ನೋಡು, ಸೊನ್ನೆ!"

"ಪಾಚಿ ತಿಂದ್ಬಿಟ್ಟಿರುತ್ತೆ ಸಾರ್. ತಟ್ಟೆ ಖಾಲಿ ಇದೆ ಅಂದ್ರೆ ಅಡುಗೇನೇ ಆಗಿಲ್ಲ ಅಂತಲ್ಲ. ನಿಮ್ಮ ನಲ್ಲಿ ನೀರು ಟೆಸ್ಟ್ ಮಾಡಿ. ಇಲ್ಲಾಂದ್ರೆ ನನ್ನತ್ರ ಫಿಲ್ಟರ್ ಮಾಡಿದ ನೀರಿದೆ, ಕ್ಯಾನಲ್ಲಿ ತಗೊಂಡ್ಹೋಗಿ."

ಹೇಳಬಾರದ ಮಾತು ಹೇಳಿಬಿಟ್ಟ. "ಊರಿಗೆಲ್ಲ ನೀರು ಕುಡಿಸೋನು ನಾನು. ನನಗೆ ನೀನು ನೀರು ಮಾರ್ತೀಯಾ?" ಅಂತ ನಮ್ಮವರು ಬಾಗಿಲು ತೋರಿಸಿದರು. ಆಮೇಲೆ ಒಂದು ತಿಂಗಳು ನಾನು ಎಷ್ಟು ಹೇಳಿದರೂ ನಲ್ಲಿ ನೀರಿಗೆ ಒಂದು ಹನಿ ಬಿಡಲಿಲ್ಲ. ಹೆತ್ತ ತಾಯಿಯ ಮೇಲೆ ಅನುಮಾನ ಪಡು ಅಂದ ಹಾಗೆ ಆಡುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅತ್ತ ಹವಳ ಒಂದು ಬೆರಳು, ಎರಡು ಬೆರಳು ಅಂತ ಬೆಳ್ಳಗಾಗುತ್ತ ಬಂತು. ದೊಡ್ಡವರು ಕೋಲು ಹಿಡಿದು ನಡೆಯುತ್ತಿದ್ದಾರೆ ಅಂತ ಫೋನು ಬಂತು.

ಆಗ ನಾನೊಂದು ಸುಳ್ಳು ಹೇಳಿದೆ. ಜಾಮಿನ ಖಾಲಿ ಬಾಟಲಿ ತೊಳೆದು, ಅಡುಗೆಮನೆಯ ನಲ್ಲಿ ನೀರು ತುಂಬಿಸಿ, ಕೆಲಸದಿಂದ ಬಂದವರ ಮುಂದೆ ಇಟ್ಟೆ. "ಅಂಗಡಿಯವನು ಕಳ್ಸಿದ್ದಾನೆ. ಇಂಥ ನೀರು ಹಾಕ್ಬೇಕಂತೆ."

"ಕೊಡು ಇಲ್ಲಿ, ಅವನ ಬಂಡವಾಳ ಬಯಲು ಮಾಡ್ತೀನಿ" ಅಂತ ಶರ್ಟು ಕೂಡ ಬದಲಾಯಿಸದೆ ಕೂತರು. ಕಿಟ್ಟಿನ ಗಾಜಿನ ಕೊಳವೆಗೆ ನೀರು ಸುರಿದು ಹನಿ ಬಿಟ್ಟರು, ಕುಲುಕಿದರು. ಕೊಳವೆಯ ನೀರು ನೋಡನೋಡುತ್ತಿದ್ದಂತೆ ಕಡುನೀಲಿಯಾಯಿತು. ಬಣ್ಣದ ಪಟ್ಟಿಯಲ್ಲಿ ಅಷ್ಟು ನೀಲಿಗೆ ಮನೆಯೇ ಇರಲಿಲ್ಲ.

"ನೋಡ್ದ್ಯಾ! ಕೊಲೆಗಡುಕ! ಇಂಥ ನೀರಲ್ಲಿ ಮೀನಿಡ್ತಾನೆ, ಮೇಲಿಂದ ನನಗೆ ಪಾಠ ಹೇಳ್ತಾನೆ. ಅವನ ಅಂಗಡಿ ಮುಂದೇನೇ ನಿಂತು ಕೇಳ್ತೀನಿ ಇವತ್ತು."

ಕೊಳವೆ ಹಿಡಿದೇ ಎದ್ದರು. ಒಂದು ಕಾಲಿಗೆ ಚಪ್ಪಲಿ ಹಾಕಿಯೂ ಆಗಿತ್ತು. ಇನ್ನು ಸುಮ್ಮನಿದ್ದರೆ ಬೀದಿಯಲ್ಲಿ ಮಾನ ಹೋಗುತ್ತದೆ.

"ರೀ, ನಿಲ್ಲಿ. ಅದು ನಮ್ಮ ನಲ್ಲಿ ನೀರು."

ಅವರು ತಿರುಗಿ ನನ್ನನ್ನು ನೋಡಿದರು, ಕೊಳವೆ ನೋಡಿದರು. ಆಮೇಲೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತರು.

"ನಾನೇ ಹಾಕ್ತೀನಿ" ಅಂದರು. "ದಿನಾ ಬೆಳಗ್ಗೆ ಆರು ಗಂಟೆಗೆ."

ಊರಿನ ಹಳೆಯ ಪೈಪುಗಳ ಸೀಸದ ವಿಷ ನೀರಿಗೆ ಇಳಿಯಬಾರದು ಅಂತ ಘಟಕದಲ್ಲಿ ನೀರಿಗೆ ಫಾಸ್ಫೇಟ್ ಬೆರೆಸುತ್ತಾರೆ. ಅದು ಪೈಪಿನ ಒಳಗೆ ತೆಳ್ಳಗೆ ಪೊರೆ ಕಟ್ಟುತ್ತದೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆ ಪಂಪು ನೋಡಿಕೊಳ್ಳುವುದೇ ಇವರ ದಿನದ ಮೊದಲ ಕೆಲಸ. ಗೊತ್ತಿರಲಿಲ್ಲ ಅಂತಲ್ಲ. ಇಪ್ಪತ್ತಾರು ವರ್ಷ ಔಷಧಿ ಅಂತ ಹಾಕಿದ್ದು ಇನ್ನೊಂದಕ್ಕೆ ಊಟವಾಗಬಹುದು ಅಂತ ತಲೆಗೆ ಹೊಳೆದೇ ಇರಲಿಲ್ಲ. ಬೆಳಗ್ಗೆ ಘಟಕದಲ್ಲಿ ಹಾಕಿ, ಸಂಜೆ ಬಕೆಟ್ಟಿನಲ್ಲಿ ತಂದು ಸುರಿದು, ಪಾಚಿಗೆ ಬಡಿಸಿದ್ದು ಇವರೇ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಬಾಯಿತನಕ ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಶನಿವಾರ ಅಂಗಡಿಯವನ ಹತ್ತಿರ ಎರಡು ಕ್ಯಾನು ನೀರು ತರಲೇಬೇಕಾಯಿತು. ಹೋಗುವುದು ಹೇಗೆ? ದಾರಿಯಲ್ಲಿ ಕ್ಷೌರದಂಗಡಿ, ದಿನಸಿ ಅಂಗಡಿ, ಎಲ್ಲರ ಕಣ್ಣೂ ಇವರ ಮೇಲೆ. "ಏನಾದ್ರೂ ಹೊಲಿದ್ಕೊಡ್ತೀಯಾ?" ಅಂತ ಕೇಳಿದರು. ಯೂನಿಫಾರ್ಮಿನಲ್ಲಿ ಉಳಿದ ದಪ್ಪ ಬಟ್ಟೆಯಿಂದ ಕ್ಯಾನಿಗೆ ಎರಡು ಗವಸು ಹೊಲಿದೆ, ಜಿಪ್ಪು ಹಾಕಿ. ನೋಡಿದವರಿಗೆ ಸಲಕರಣೆಯ ಚೀಲ. ಅಂಗಡಿಯವನು ನಗದೆ ತುಂಬಿಸಿಕೊಟ್ಟನಂತೆ. ಆರು ವಾರದಲ್ಲಿ ಪಾಚಿ ಹಿಂದೆ ಸರಿಯಿತು. ಹವಳದಲ್ಲಿ ಮೂರು ಬೆರಳಿನಷ್ಟು ಸತ್ತೇ ಹೋಗಿತ್ತು.

ದೊಡ್ಡವರು ಬಂದದ್ದು ಆಗ. ಕೋಲೂರಿಕೊಂಡು ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ನಮ್ಮವರು ಅಪರಾಧಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ದೊಡ್ಡವರ ಕಣ್ಣು ಕೆಳಗಿಟ್ಟಿದ್ದ ಕ್ಯಾನುಗಳ ಮೇಲೆ ಬಿತ್ತು. ಕಷ್ಟಪಟ್ಟು ಬಗ್ಗಿ ಗವಸಿನ ಹೊಲಿಗೆ ಸವರಿದರು.

"ಜಿಪ್ ಹಾಕಿದ್ದೀಯಲ್ಲಮ್ಮಾ, ಜಾಣೆ. ನಮ್ಮವಳು ಗುಂಡಿ ಹಾಕಿದ್ಲು, ದಾರೀಲೇ ಬಿಚ್ಕೊಂಡ್ಬಿಡ್ತಿತ್ತು."

ನಮ್ಮವರು ತಲೆ ಎತ್ತಿದರು. "ನೀವೂ...?"

"ಹತ್ತೊಂಬತ್ತು ವರ್ಷ ಕಣೋ."

ನನಗೆ ತಡೆಯಲಾಗಲಿಲ್ಲ. ದೊಡ್ಡವರು, ಹಿರಿಯರು ಅನ್ನುವುದೆಲ್ಲ ಮರೆತು, "ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಬ್ರಷ್ ಹಿಡಿದು ಹಿಡಿದು ನನ್ನ ಕೈ ನೋಡಿ! ಹವಳ ನೋಡಿ!" ಅಂದೆ.

ಅವರು ಕುರ್ಚಿಯಲ್ಲಿ ಕೂತು ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು. "ಆ ಪಂಪು ಹಾಕ್ಸಿದ್ದೇ ನಾನು. ಮುಖ್ಯಸ್ಥನೇ ಬೇರೆ ನೀರು ಹೊರ್ತಾನೆ ಅಂದ್ರೆ ಊರು ನಂಬುತ್ತೇನಮ್ಮಾ? ಇವನಿಗೆ ಹೇಳ್ಬೇಕು ಅಂತ ಎಷ್ಟೋ ಸಲ ಅನ್ಕೊಂಡೆ. ಎಲ್ಲರ ಮನೇಲೂ ಲೋಟ ಎತ್ತಿ ನಮ್ದೇ ಅನ್ನೋನು ಇವನು. ಹೇಗೆ ಹೇಳ್ಲಿ?"

ನಮ್ಮವರು ಒಳಗೆ ಹೋಗಿ ಒಂದು ಲೋಟ ನಲ್ಲಿ ನೀರು ತಂದುಕೊಟ್ಟರು. ದೊಡ್ಡವರು ಪೂರ್ತಿ ಕುಡಿದರು.

ಮುಂದಿನ ಶನಿವಾರ ನೋಡಿದರೆ ಗವಸುಗಳು ನನ್ನ ಯಂತ್ರದ ಮೇಲೆ ಮಡಚಿಟ್ಟಿವೆ. ಕಿಟಕಿಯಿಂದ ಹೊರಗೆ ಇಣುಕಿದೆ. ತುಂಬಿದ ಎರಡೂ ಕ್ಯಾನನ್ನು ಗವಸಿಲ್ಲದೆ ಹಿಡಿದು, ಬೀದಿಯ ನಟ್ಟನಡುವೆ ಬರುತ್ತಿದ್ದರು.

"ಏನ್ ನೀರಪ್ಪಾ, ನಿನ್ನ ನೀರು ನಿನಗೇ ಆಗಲ್ವಾ?" ಕ್ಷೌರದವನು ಬಾಗಿಲಿಗೆ ಬಂದು ಕೂಗಿದ. ಒಳಗೆ ಸೋಪು ಹಚ್ಚಿಸಿಕೊಂಡ ಇಬ್ಬರು ತಲೆ ಹೊರಹಾಕಿದರು.

ನಮ್ಮವರು ಕ್ಯಾನು ಕೆಳಗಿಟ್ಟರು. ಅವನ ಹತ್ತಿರ ಒಂದು ಲೋಟ ನಲ್ಲಿ ನೀರು ಕೇಳಿದರು. ಬೆಳಕಿಗೆ ಹಿಡಿದು ನೋಡಿ, ಗಟಗಟ ಕುಡಿದರು.

"ನಮ್ದೇ" ಅಂದರು. "ನನಗೂ ಆಗುತ್ತೆ, ನಿನಗೂ ಆಗುತ್ತೆ. ನಮ್ಮನೇಲಿ ಒಂದು ಜೀವಕ್ಕೆ ಆಗಲ್ಲ, ಅಷ್ಟೆ."

ಮತ್ತೆ ಕ್ಯಾನು ಎತ್ತಿಕೊಂಡು ಬಂದರು. ಒಂದರ ಮುಚ್ಚಳ ಸಡಿಲವಾಗಿ ಬಾಗಿಲಿನಿಂದ ತೊಟ್ಟಿಯವರೆಗೂ ನೆಲವೆಲ್ಲ ಒದ್ದೆ. ಒರೆಸಿದವಳು ನಾನೇ.