ವಾತ್ಸ್ಲಾವನ ಹಬ್ಬಕ್ಕೆ ಕಳಚುವ ಬಾಗಿಲು

ಪ್ರತಿ ಸೆಪ್ಟೆಂಬರಿನಲ್ಲೂ ನಮ್ಮೂರ ಪಾದ್ರಿಗಳು ಸಂತ ವಾತ್ಸ್ಲಾವನ ಕಥೆ ಹೇಳುತ್ತಾರೆ, ಪ್ರತಿ ಸಲವೂ ನನಗೆ ಮೈ ಉರಿಯುತ್ತದೆ. ದೊರೆಯಾಗಿದ್ದರೂ ತಾನೇ ಗೋಧಿ ಕೊಯ್ದು ಪೂಜೆಯ ರೊಟ್ಟಿ ಸುಡುತ್ತಿದ್ದನಂತೆ, ವಿಧವೆಯರ ಮನೆಗೆ ಸೌದೆ ಹೊರುತ್ತಿದ್ದನಂತೆ. ಅವನ ಒಡಹುಟ್ಟಿದ ತಮ್ಮನೇ ಅವನನ್ನು ಹಬ್ಬದೂಟಕ್ಕೆ ಕರೆದು, ಮರುದಿನ ಬೆಳಗ್ಗೆ ಕತ್ತಿ ಬೀಸಿದ. ವಾತ್ಸ್ಲಾವ ಇಗರ್ಜಿಗೆ ಓಡಿ ಬಾಗಿಲ ಬಳೆ ಹಿಡಿದು ಜೋತುಬಿದ್ದ. ಒಳಗಿನಿಂದ ಅಗುಳಿ ಹಾಕಿದ್ದರು. ಅಲ್ಲೇ ಕೊಂದರು, ನೆತ್ತರು ಎಷ್ಟು ತೊಳೆದರೂ ಹೋಗಲಿಲ್ಲವಂತೆ. ಪಾದ್ರಿಗಳು ತಮ್ಮನನ್ನು ಬಾಯ್ತುಂಬ ಬೈಯುತ್ತಾರೆ. ಅಗುಳಿ ಹಾಕಿದವನ ಸುದ್ದಿ ಮಾತ್ರ ಎತ್ತುವುದಿಲ್ಲ.

ಎತ್ತುತ್ತಿದ್ದವಳು ಹೆದ್ವಿಕ. ಇಗರ್ಜಿಯ ಕಸ ಗುಡಿಸಿ, ಗಂಟೆ ಬಾರಿಸಿ, ಬಜಾರಿ ಅನ್ನಿಸಿಕೊಂಡು ಬದುಕಿದ ಹೆಂಗಸು. ಹಬ್ಬದ ದಿನ ಇಗರ್ಜಿಯ ಬಾಗಿಲನ್ನೇ ಕೀಲಿನಿಂದ ಕಳಚಿ ಗೋಡೆಗೆ ಒರಗಿಸಿಡುವುದು ಆಗ ನಮ್ಮೂರ ಪದ್ಧತಿ. ಅವತ್ತು ಯಾರ ಮುಖಕ್ಕೂ ಅದು ಮುಚ್ಚಬಾರದು. ಆ ಕೆಲಸ ಅವಳದು. ಅವಳು ಹಾರೆ ಹಿಡಿದು ಬಂದರೆ ಗಂಡಸರು ದಾರಿ ಬಿಡುತ್ತಿದ್ದರು.

ಹೊಲ, ಗಿರಣಿಗಳನ್ನೆಲ್ಲ ಹೊಸ ಕಮ್ಯುನಿಸ್ಟ್ ಸರ್ಕಾರ ಕಿತ್ತುಕೊಳ್ಳುತ್ತಿದ್ದ ಕಾಲ. ಗಿರಣಿಯ ಮಾತೌಶ್ "ಕೊಡಲ್ಲ, ಏನ್ಮಾಡ್ಕೋತೀರೋ ಮಾಡ್ಕೊಳ್ಳಿ" ಎಂದ. ಪೊಲೀಸರು ಬೆನ್ನು ಹತ್ತಿದಾಗ ಕಾಡು ಸೇರಿದ. ಹಬ್ಬದ ದಿನವೇ ಅವನ ಕೂಸಿನ ಜ್ಞಾನಸ್ನಾನ. ಮುಖ ನೋಡಲು ಬಂದೇ ಬರುತ್ತಾನೆಂದು ಊರಿಗೆಲ್ಲ ಗೊತ್ತಿತ್ತು, ಪೊಲೀಸರಿಗೂ. ಪೊಲೀಸರು ಅಟ್ಟಿಸಿಕೊಂಡು ಬಂದರೂ ಅವನು ಮುಂಬಾಗಿಲಿಂದ ನುಗ್ಗಿ ಹಿಂದಿನ ಕಿರುಬಾಗಿಲಿಂದ ಕೆರೆಯ ಜೊಂಡಿಗೆ ಇಳಿದುಬಿಡಲಿ ಎಂದು ಹೆದ್ವಿಕ ಬೆಳಗ್ಗೆಯೇ ಬಾಗಿಲು ಕಳಚಿಟ್ಟಿದ್ದಳು.

ಅವಳು ಕೂಸನ್ನು ಎತ್ತಿಕೊಂಡು ಬರುವಷ್ಟರಲ್ಲಿ ಬಾಗಿಲು ಮತ್ತೆ ಕೀಲಿನ ಮೇಲೆ ಕೂತಿತ್ತು. ಒಳಗೆ ಕಾಲಿಟ್ಟದ್ದೇ ಹಿಂದಿನಿಂದ ಅಗುಳಿ ಬಿತ್ತು.

"ಯಾವನೋ ಇದನ್ನ ಕೂರಿಸ್ದೋನು?"

ಊರ ಸಮಿತಿಯ ಮುಖ್ಯಸ್ಥ ಓಲ್ದ್ರಿಖ್, ಅವಳ ಒಡಹುಟ್ಟಿದ ತಮ್ಮ, ನೆಲ ನೋಡುತ್ತ ಹೇಳಿದ: "ಸುಮ್ನಿರಕ್ಕಾ. ಗಾಳಿ ಹೆಂಗ್ ಬೀಸ್ತಿದೆ ನೋಡು. ಕೂಸಿಗೆ ಥಂಡಿ ಆಗತ್ತೆ."

"ಥಂಡಿಯಂತೆ ಥಂಡಿ! ನಿನ್ ಕಾಲು ನಡುಗ್ತಿರೋದೂ ಥಂಡಿಗೇನೋ?"

"ಹೌದು ಕಣಮ್ಮ, ಎಳೇ ಕೂಸು" ಎಂದು ಉಳಿದವರೂ ದನಿಗೂಡಿಸಿದರು. ಬಾಣಂತಿ ತಾಯಿ ಮನೆಯಲ್ಲಿದ್ದಳು. ಹೆದ್ವಿಕಳೇ ಕೂಸನ್ನು ಹಿಡಿದು ಪಾದ್ರಿಗಳ ಮುಂದೆ ನಿಂತಳು.

ತಲೆಗೆ ನೀರು ಬೀಳುವ ಹೊತ್ತಿಗೆ ಹೊರಗೆ ಬೂಟುಗಳ ಸದ್ದು. ಬಾಗಿಲ ಬಳೆ ಗಡಗಡ ಅಲ್ಲಾಡಿತು.

"ತೆಗೀರೋ! ನಾನು ಮಾತೌಶ್! ದಮ್ಮಯ್ಯ, ತೆಗೀರೋ!"

ಗಂಡಸರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹೆದ್ವಿಕ "ಯಾರಾದ್ರೂ ಈ ಕೂಸು ಹಿಡ್ಕೊಳ್ರೇ!" ಎಂದು ಕಿರುಚಿದಳು. ಒಂದೇ ಒಂದು ಕೈ ಮುಂದೆ ಬರಲಿಲ್ಲ. ಕೂಸನ್ನು ಎದೆಗವಚಿಕೊಂಡೇ ಭುಜದಿಂದ ತಮ್ಮನನ್ನು ಗುದ್ದಿದಳು. ಅವನು ಕದಲಲಿಲ್ಲ. ಹೊರಗಿನ ಕೂಗು ನಿಂತುಹೋಯಿತು. ಪೊಲೀಸರು ಎಳೆದೊಯ್ದ ಮಾತೌಶ್, ಕೈದಿಗಳನ್ನು ದುಡಿಸುವ ಗಣಿಯಲ್ಲಿ ಸತ್ತನೆಂದು ಎಷ್ಟೋ ಕಾಲದ ಮೇಲೆ ಸುದ್ದಿ ಬಂತು.

ಅವತ್ತು ಮಧ್ಯಾಹ್ನವೇ ಹೆದ್ವಿಕ ಕೊಡಲಿ ತಂದು ಬಾಗಿಲನ್ನು ಸೀಳಿದಳು. ಅದೇ ಸೌದೆಯಲ್ಲಿ ಹಬ್ಬದ ಹೆಬ್ಬಾತು ಸುಟ್ಟು ಮನೆಮನೆಗೂ ಹಂಚಿದಳು. "ತಿನ್ರಿ, ಬಿಸಿಬಿಸಿ ಇದೆ. ಥಂಡಿ ಬಿಡತ್ತೆ." ತಮ್ಮನಿಗೆ ತೊಡೆಯ ತುಂಡು. ಥೂ, ತಿಂದರು ಕಣ್ರೀ! ಒಬ್ಬರೂ ತಟ್ಟೆ ವಾಪಸ್ ಕೊಡಲಿಲ್ಲ. ಅವಳಿರುವ ತನಕ ಇಗರ್ಜಿಗೆ ಇನ್ನೊಂದು ಬಾಗಿಲು ನಿಲ್ಲಲಿಲ್ಲ, ಕೂರಿಸಿದವರೆದುರೇ ಒಡೆದುಹಾಕುತ್ತಿದ್ದಳು.

ಹೋದ ಚಳಿಗಾಲದಲ್ಲಿ, ನೂರರ ಹತ್ತಿರ ಬಂದು, ತೀರಿಕೊಂಡಳು. ಈ ಹಬ್ಬಕ್ಕೆ ಊರವರು ಓಕ್ ಮರದ ಹೊಸ ಬಾಗಿಲು ತಂದಿದ್ದಾರೆ. ಮೇಲೆ ವಾತ್ಸ್ಲಾವನ ಕೆತ್ತನೆ, ಕೆಳಗೆ ಚಿನ್ನದ ಬಣ್ಣದಲ್ಲಿ ಹೆದ್ವಿಕಳ ಹೆಸರು. ನಾಚಿಕೆಗೆಟ್ಟವರು! ನಾನು ಹೊಸ್ತಿಲ ಮೇಲೇ ಕುರ್ಚಿ ಹಾಕಿಕೊಂಡು ಕೂತೆ.

ಹೊಸ ಪಾದ್ರಿ, ಪಾಪ, ಚಿಕ್ಕ ವಯಸ್ಸು, ಓಡಿ ಬಂದರು. "ಅಜ್ಜೀ, ಒಳಗೆ ಬನ್ನಿ. ಬಾಗಿಲು ಕೂರಿಸ್ಬೇಕು. ಈ ಗಾಳೀಲಿ ನಿಮಗೆ ಥಂಡಿ ಆಗತ್ತೆ."

"ಫಾದರ್, ಅವತ್ತೂ ನನ್ನ ಹೆಸರಲ್ಲೇ ಮುಚ್ಚಿದ್ದು" ಎಂದೆ. "ಆ ಕೂಸು ನಾನೇ. ಹೊರಗೆ ಕೂಗ್ತಿದ್ದೋನು ನಮ್ಮಪ್ಪ. ಎಷ್ಟು ಥಂಡಿಯಾಗತ್ತೋ ಆಗ್ಲಿ, ನಾನು ಏಳಲ್ಲ."