ಹತ್ತಿಯುಂಡೆಗಳ ಸರ

ನಮ್ಮ ಜಯನಗರದ ಮನೆಯ ಗೇಟಿನ ಪಕ್ಕ ಒಂದು ಹತ್ತಿಗಿಡವಿದೆ. ಅದು ನನ್ನ ಅತ್ತೆಯದು. ಒಡೆದ ಕಾಯಿಗಳಿಂದ ಹತ್ತಿ ಬಿಡಿಸಿ, ಬೀಜ ತೆಗೆದು, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಹೊಸೆದು ಅವರು ದೇವರಿಗೆ ಗೆಜ್ಜೆವಸ್ತ್ರ ಮಾಡುತ್ತಿದ್ದರು. ಕಡಲೆಕಾಳಿನಷ್ಟು ದಪ್ಪದ ಹತ್ತಿಮಣಿಗಳ ಹಾರ, ಎಲ್ಲವೂ ಒಂದೇ ಸಮ. ಅಂಗಡಿಯಲ್ಲಿ ಬೇಗಡೆ ಅಂಟಿಸಿ ಮಾರುವ ಹಾರ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

ನಾನೂ ಹತ್ತಿಯ ಜೊತೆಗೇ ಏಗುವವಳು, ಆದರೆ ನನ್ನದು ಬೇರೆ ಹುಚ್ಚು. ಹತ್ತಿ, ನಾರು, ಹಳೆಯ ಪಂಚೆ ಸೇರಿಸಿ ಶಿಲ್ಪ ಮಾಡುತ್ತೇನೆ. ಸೂರಿನಿಂದ ನೆಲದವರೆಗೆ ಇಳಿಬಿದ್ದಿದ್ದ ನನ್ನ ಮೊದಲ ಕೆಲಸವನ್ನು ನೋಡಿ ಅತ್ತೆ, "ಇಷ್ಟು ದೊಡ್ಡ ಗೆಜ್ಜೆವಸ್ತ್ರ ಯಾವ ದೇವರಿಗಮ್ಮಾ?" ಎಂದಿದ್ದರು. ಆ ಸಿಟ್ಟು ನನಗೆ ಬಹಳ ದಿನ ಇಳಿಯಲಿಲ್ಲ.

ಹೋದ ವರ್ಷ ಸ್ಟ್ರೋಕ್ ಆಗಿ ಅವರ ಬಲಗೈ ಸೋತಿತು. ಫಿಸಿಯೋಥೆರಪಿಯ ಹುಡುಗಿ ಹಿಸುಕಲೆಂದು ಕೊಟ್ಟ ರಬ್ಬರ್ ಚೆಂಡು ಸೋಫಾ ಕೆಳಗೇ ಬಿದ್ದಿರುತ್ತಿತ್ತು. ಗೇಟಿನ ಬಳಿ ಹತ್ತಿ ಒಡೆದು ಗಾಳಿಗೆ ಹೋಗುತ್ತಿದ್ದರೂ ಅವರು ಆ ಕಡೆ ತಿರುಗಿ ನೋಡಲಿಲ್ಲ. ಈ ಸಲ ಗೌರಿಗೆ ಅಂಗಡಿಯದೇ ತಂದುಬಿಡು ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು.

ಆಗ ನಾನು ಜೆ.ಪಿ. ನಗರದ ಒಂದು ಪ್ರದರ್ಶನಕ್ಕೆ ಹತ್ತಿಯುಂಡೆಗಳ ಉದ್ದನೆಯ ಸರ ಮಾಡಬೇಕಿತ್ತು. ತಿಲಕ್ ನಗರದ ಹಾಸಿಗೆ ಅಂಗಡಿಯಿಂದ ಹತ್ತಿಮೂಟೆ ತಂದು ಅತ್ತೆಯ ಮುಂದೆ ಬಿಚ್ಚಿದೆ. ನನಗೆ ಟೈಮಿಲ್ಲ, ಉಂಡೆ ಕಟ್ಟಿಕೊಡಿ ಎಂದೆ. ಅವರು ಗೊಣಗುತ್ತಲೇ ಬಲಗೈಯಲ್ಲಿ ಹಿಡಿದು ಒತ್ತಿದರು. ಕಿತ್ತಳೆ ಗಾತ್ರದ್ದೊಂದು ಉಂಡೆಯಾಯಿತು.

"ರಬ್ಬರು ವಾಪಸ್ ತಳ್ಳತ್ತೆ ಕಣೇ. ಹತ್ತಿ ಹೇಳಿದ ಮಾತು ಕೇಳತ್ತೆ," ಎಂದರು.

ಅಂದಿನಿಂದ ಅವರು ಉಂಡೆ ಕಟ್ಟುವುದು, ನಾನು ನೂಲಿನಿಂದ ಬಿಗಿದು ಸರಕ್ಕೆ ಸೇರಿಸುವುದು. ಒಂದು ಮಧ್ಯಾಹ್ನ ಸರವನ್ನು ನಡುಮನೆಯಲ್ಲಿ ಉದ್ದಕ್ಕೆ ಹಾಸಿ ನೋಡಿದಾಗ ಪಿತ್ತ ನೆತ್ತಿಗೇರಿತು. ನನಗೆ ಒಂದೇ ಅಳತೆಯವು ಬೇಕಿದ್ದವು. ಇವು ಬರಬರುತ್ತಾ ನಿಂಬೆಹಣ್ಣಿನಷ್ಟಾಗಿಬಿಟ್ಟಿದ್ದವು. ನನ್ನ ಕೆಲಸವೆಲ್ಲ ಕೆಟ್ಟಿತಲ್ಲ ಎಂದು ರೇಗಿದೆ. ಅತ್ತೆ ಚೂರು ಹತ್ತಿ ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬಲಗೈಯನ್ನು ನನ್ನ ಮುಖದ ಮುಂದೆ ಎತ್ತಿದರು. ಆ ಬೆರಳುಗಳು ಒಂದನ್ನೊಂದು ಮುಟ್ಟಿ ಎಷ್ಟು ತಿಂಗಳಾಗಿತ್ತೋ. ನಾನು ಸರದ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಸರ ಹಾಗೆಯೇ ಪ್ರದರ್ಶನಕ್ಕೆ ಹೋಯಿತು, ಕಿತ್ತಳೆಯಿಂದ ನಿಂಬೆಗೆ.

ಹಬ್ಬದ ಹಿಂದಿನ ದಿನ ಅತ್ತೆ ಗಿಡದ ಹತ್ತಿ ಬಿಡಿಸಿಕೊಂಡು ಬಾ ಎಂದರು. ಸಂಜೆಯವರೆಗೂ ತಾವೇ ಹೊಸೆದರು. ಮಣಿಗಳು ನೆಲ್ಲಿಕಾಯಿಗಿಂತ ಸಣ್ಣವಾಗಲಿಲ್ಲ, ಒಂದೊಂದೂ ಒಂದೊಂದು ಕಡೆಗೆ ಸೊಟ್ಟ. ಬೆಳಿಗ್ಗೆ ಗೇಣುದ್ದದ ಮಣ್ಣಿನ ಗೌರಿಗೆ ಹಾಕಿದರೆ ಮೂಗಿನ ತನಕ ಹತ್ತಿಯೇ ಹತ್ತಿ. ಸ್ವಲ್ಪ ಕೆಳಗೆ ಸರಿಸಲೇ ಎಂದು ಕೇಳಿದೆ.

"ಬೇಡ, ಇರ್ಲಿ ಬಿಡು," ಎಂದರು ಅತ್ತೆ. "ಮುಂದಿನ ವರ್ಷದ ಹೊತ್ತಿಗೆ ಮುಖ ಕಾಣತ್ತೆ."