ಗೋಡೆ ಹತ್ತದ ಹಲ್ಲಿ

ನನ್ನ ಗಂಡನ ತಲೆಯ ಮೇಲೆ ಹಲ್ಲಿ ಕೂತಿರುವ ಫೋಟೊ ತೆಗೆದವಳು ನಾನೇ. ಅದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದವಳೂ ನಾನೇ. ಅದಾದ ಸ್ವಲ್ಪ ದಿನಕ್ಕೆ ಅವರು ತೀರಿಕೊಂಡರು. ಈ ಮೂರು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು, ಅವರ ಊರಾದ ಕುರುಗೋಡಿನಲ್ಲಿ ಒಂದು ಕಥೆ ಕಟ್ಟಿದರು. ಆ ಕಥೆ ನನ್ನ ಕಿವಿಗೆ ಬರುವ ಹೊತ್ತಿಗೆ ಹಲ್ಲಿ ಮಾಳಿಗೆಯಿಂದ ಅವರ ನೆತ್ತಿಯ ಮೇಲೆ ಬಿದ್ದಿತ್ತು.

ಬಳ್ಳಾರಿಯಲ್ಲಿ ನಮ್ಮದು ಬಣ್ಣದ ಮೀನಿನ ಅಂಗಡಿ. ನಾನು ಮದುವೆಯಾಗಿ ಬಂದಾಗ ಅಲ್ಲಿ ಮೀನು, ಗಾಜಿನ ತೊಟ್ಟಿ, ಮೀನಿಗೆ ಹಾಕುವ ಕಾಳು, ಇಷ್ಟೇ ಇದ್ದವು. ಆಮೇಲೆ ಕೆಂಪು ಕಿವಿಯ ಆಮೆಮರಿಗಳು ಬಂದವು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಅವು ಹಾಗೆಯೇ ಇರುತ್ತವೆ ಎಂದುಕೊಂಡು ಜನ ಮಕ್ಕಳಿಗೆ ಕೊಡಿಸುತ್ತಿದ್ದರು. ಊಟದ ತಟ್ಟೆಯಷ್ಟು ಅಗಲವಾಗಿ, ನೀರು ನಾರತೊಡಗಿದ ಮೇಲೆ ಬಕೆಟ್ಟಿನಲ್ಲಿ ಹಾಕಿಕೊಂಡು ತಿರುಗಿ ತರುತ್ತಿದ್ದರು. ತರದವರು ಕಾಲುವೆಗೆ ಬಿಟ್ಟು ಕೈಮುಗಿದು ಹೋಗುತ್ತಿದ್ದರು. ಹೊಸ ಮನೆ ಕಟ್ಟಿಸಿದವರು ಒಳ್ಳೆಯದಾಗುತ್ತದೆಂದು ನಕ್ಷತ್ರ ಆಮೆ ಕೇಳಿಕೊಂಡು ಬರುತ್ತಿದ್ದರು. ದನಿ ತಗ್ಗಿಸಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೇಳುತ್ತಿದ್ದರು. ಅದು ನಮ್ಮ ಕಾಡಿನ ಜೀವ, ಮಾರುವುದೂ ತಪ್ಪು, ಸಾಕುವುದೂ ತಪ್ಪು. ನನ್ನವರು, "ಕಲ್ಲಿನ ಆಮಿ ಇಡ್ರಿ. ಅದಕ್ಕ ಸೊಪ್ಪು ಹಾಕೋ ಚಿಂತಿ ಇಲ್ಲ," ಎಂದು ಕಳಿಸುತ್ತಿದ್ದರು.

ಮೊಬೈಲಿನಲ್ಲಿ ರೀಲ್ಸ್ ಬಂದ ಮೇಲೆ ಕೇಳುವುದೂ ಬದಲಾಯಿತು. ಯಾವ ದೇಶದವನೋ ಹೆಗಲ ಮೇಲೆ ಉಡದ ಹಾಗಿರುವ ಇಗ್ವಾನಾ ಕೂರಿಸಿಕೊಂಡು ಕಾಫಿ ಕುಡಿಯುವುದನ್ನು ನೋಡಿ, ನಮಗೂ ಒಂದು ತರಿಸಿಕೊಡಿ ಎಂದು ಹುಡುಗರು ಬಂದರು. ಹೆಬ್ಬಾವಿನ ಮರಿ ಕೇಳಿದವರೂ ಇದ್ದಾರೆ. ಕೆಲವರು ದೊಡ್ಡ ಊರುಗಳಿಂದ ತಾವೇ ತರಿಸಿಕೊಂಡರು. ಇಗ್ವಾನಾ ಬೆಳೆದು ಮಂಚದಷ್ಟು ಉದ್ದವಾಗುತ್ತದೆ ಎಂದು ಆ ರೀಲ್ಸಿನಲ್ಲಿ ಯಾರೂ ಹೇಳಿರಲಿಲ್ಲ. ಹೊರದೇಶದ ಇಂಥ ಪ್ರಾಣಿಗಳನ್ನು ಸಾಕುವವರು ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಯಮ ಬಂದಾಗ ಅರ್ಧ ಜನಕ್ಕೆ ಭಯ, ಉಳಿದರ್ಧಕ್ಕೆ ಕೈತೊಳೆದುಕೊಳ್ಳಲು ಅದೊಂದು ನೆವ. ಕೊಳ್ಳಲು ಬರುವವರಿಗಿಂತ, ಇದನ್ನು ಹೇಗಾದರೂ ಇಟ್ಟುಕೊಳ್ಳಿ ಎಂದು ಬರುವವರೇ ಹೆಚ್ಚಾದರು. ಅಂಗಡಿಯ ಹಿಂದಿನ ಕೋಣೆ ತುಂಬಿತು.

"ಇದು ಅಂಗಡಿ ಅಲ್ಲಲೇ, ತವರುಮನಿ ಆಗೇತಿ," ಎಂದು ಅವರು ನನಗೆ ಹೇಳುತ್ತಿದ್ದರು. "ಗಂಡನ ಮನ್ಯಾಗ ನಡೀಲಿಲ್ಲಂದ್ರ ಎಲ್ಲಾವೂ ಇಲ್ಲಿಗೇ ಬರ್ತಾವ."

ಈ ಹಲ್ಲಿಯೂ ಹಾಗೆ ಬಂದದ್ದು. ಒಬ್ಬ ಕಾಲೇಜು ಹುಡುಗ ಆಸೆಪಟ್ಟು ಕೊಂಡಿದ್ದ. ಮನೆಯಲ್ಲಿ ಅಜ್ಜಿ, ಅದು ಇರುವ ತನಕ ಅನ್ನ ಮುಟ್ಟುವುದಿಲ್ಲ ಎಂದು ಕೂತರಂತೆ. ಅವನ ಅಪ್ಪ ಡಬ್ಬಿ ತಂದು ಗಲ್ಲೆಯ ಮೇಲಿಟ್ಟು ಹಿಂತಿರುಗಿ ನೋಡದೆ ಹೋದರು. ಆಫ್ರಿಕಾ ಕಡೆಯ ಜಾತಿಯಂತೆ. ಅಂಗೈಗಿಂತ ಸ್ವಲ್ಪ ಉದ್ದ, ಮೈಮೇಲೆ ಕಂಬಳಿಯ ಹಾಗೆ ಕಂದು ಪಟ್ಟಿ, ಬಾಲ ಎಳೆ ಬದನೆಕಾಯಿಯ ಹಾಗೆ ದಪ್ಪ. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆ ಇಲ್ಲ. ಇದು ಕಣ್ಣು ಮುಚ್ಚಿ ನಿದ್ದೆ ಮಾಡುತ್ತದೆ. ಇದರ ಕಾಲಿಗೆ ಅಂಟೂ ಇಲ್ಲ. ಗೋಡೆ ಹತ್ತಲಾರದು. ನಮ್ಮ ಹಾಗೆ ನೆಲದ ಮೇಲೇ ಬದುಕಬೇಕು.

ಇದನ್ನು ಮಾತ್ರ ಅವರು ಅಂಗಡಿಯಲ್ಲಿ ಬಿಡದೆ ಮನೆಗೆ ತಂದರು. ಗೋಧಿ ಬೂಸಾದಲ್ಲಿ ಹುಳು ಬೆಳೆಸುವುದನ್ನು ಕಲಿತರು, ನನಗೂ ಕಲಿಸಿದರು. ಬೇರೆ ಊರಲ್ಲಿ ಇವಕ್ಕೆ ಬೆಚ್ಚಗಿರಲು ಬಲ್ಬು ಉರಿಸುತ್ತಾರೆ, ಬಳ್ಳಾರಿಯಲ್ಲಿ ಫ್ಯಾನು ಹಾಕಬೇಕು ಎಂದು ನಗುತ್ತಿದ್ದರು. ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವರು ಅದನ್ನು ಎತ್ತಿ ಒದ್ದೆ ಕೂದಲ ಮೇಲೆ ಇಟ್ಟುಕೊಂಡು, ಸ್ವಾಮಿಗಳ ಹಾಗೆ ಗಂಭೀರವಾಗಿ ಕೂತರು. ನನಗೆ ನಗು ತಡೆಯಲಿಲ್ಲ. ಫೋಟೊ ತೆಗೆದೆ, ಗ್ರೂಪಿಗೆ ಹಾಕಿದೆ.

ಸ್ವಲ್ಪ ಹೊತ್ತಿಗೇ ಕುರುಗೋಡಿನಿಂದ ಅತ್ತೆಯ ಫೋನು ಬಂತು.

ಅತ್ತೆಯ ಬಗ್ಗೆ ಹೇಳಬೇಕು. ಅವರು ಹಿಂದೆ ಎಂದೋ ಕಂಚಿಗೆ ಹೋಗಿ, ಅಲ್ಲಿನ ಗುಡಿಯಲ್ಲಿ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದವರು. ಹಲ್ಲಿ ಮೈಮೇಲೆ ಬಿದ್ದವರಿಗೆ ದೋಷ. ಕಂಚಿಯ ಹಲ್ಲಿ ಮುಟ್ಟಿದರೆ ಅದು ಕಳೆಯುತ್ತದೆ. ಕಂಚಿಗೆ ಹೋಗಲಾಗದವರು ಹೋಗಿ ಬಂದವರ ಕೈ ಮುಟ್ಟಿದರೂ ಸಾಕು. ಹಾಗಾಗಿ ಆ ಓಣಿಯಲ್ಲಿ ಯಾರ ಮೇಲೆ ಹಲ್ಲಿ ಬಿದ್ದರೂ ತಲೆಗೆ ನೀರು ಹಾಕಿಕೊಂಡು ನಮ್ಮ ಅತ್ತೆಯ ಬಾಗಿಲಿಗೆ ಬರುತ್ತಿದ್ದರು. ಅತ್ತೆ ರೊಟ್ಟಿ ಬಡಿಯುತ್ತಿದ್ದರೆ ಹಿಟ್ಟಿನ ಕೈಯನ್ನೇ ಚಾಚುತ್ತಿದ್ದರು. ಮುಟ್ಟಿದವರು ನಿರಾಳವಾಗಿ ಮನೆಗೆ ಹೋಗುತ್ತಿದ್ದರು. ನನ್ನವರಿಗೆ ಇದು ತಮಾಷೆ. "ಕೊಳ್ಳಾಗ ಲಿಂಗ ಐತಿ, ಕೈಯಾಗ ಹಲ್ಲಿ ಐತಿ. ನಮ್ಮವ್ವಗ ಯಾವ ಕಡೀಂದನೂ ಅಂಜಿಕಿಲ್ಲ," ಎನ್ನುತ್ತಿದ್ದರು.

ನೆತ್ತಿಯ ಮೇಲೆ ಹಲ್ಲಿ ಎಂದರೆ ಪಂಚಾಂಗದಲ್ಲಿ ಮರಣ ಎಂದೇ ಬರೆದಿದೆ. ಅತ್ತೆ ಆ ದಿನ ಫೋನಿನಲ್ಲಿ ಮಗನನ್ನು ಬೈದರು, ಬೇಡಿಕೊಂಡರು, ಈಗಲೇ ಬಸ್ಸು ಹತ್ತಿ ಬಂದು ಕೈ ಮುಟ್ಟಿ ಹೋಗು ಎಂದರು. ಇವರು ನಗುತ್ತಾ, ಭಾನುವಾರ ಬರುತ್ತೇನೆ ಎಂದರು. ಆ ಭಾನುವಾರ ಮೀನಿನ ಮಾಲು ಬಂತು, ಹೋಗಲಾಗಲಿಲ್ಲ. ಮುಂದಿನ ಭಾನುವಾರ ಅವರೇ ಇರಲಿಲ್ಲ. ನಡುವಿನ ಒಂದು ಮಧ್ಯಾಹ್ನ ಅಂಗಡಿಯಲ್ಲಿ ತೊಟ್ಟಿಯ ನೀರು ಬದಲಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಮಣ್ಣು ಮಾಡಿದ್ದು ಕುರುಗೋಡಿನಲ್ಲಿ. ಸತ್ತವರ ಹೆಸರಿನಲ್ಲಿ ಸ್ವಾಮಿಗಳನ್ನು ಕರೆಸಿ ಮಾಡುವ ಗಣಾರಾಧನೆ ಮುಗಿಯುವ ತನಕ ನಾನು ಅಲ್ಲೇ ಇರಬೇಕಿತ್ತು. ಅಂಗಡಿಯ ಮೀನುಗಳನ್ನೂ ಹಿಂದಿನ ಕೋಣೆಯ ಆಮೆಗಳನ್ನೂ ಪಕ್ಕದವರು ನೋಡಿಕೊಳ್ಳುತ್ತೇವೆಂದರು. ಹಲ್ಲಿಯನ್ನು ಮಾತ್ರ ಮುಟ್ಟುವುದಿಲ್ಲ ಎಂದರು. ನಾನು ಅದರ ಡಬ್ಬಿಯನ್ನು ಸೀರೆಗಳ ಜೊತೆ ಚೀಲದಲ್ಲಿಟ್ಟುಕೊಂಡು ಹೋದೆ. ನಡುಮನೆಯ ಮೂಲೆಯಲ್ಲಿ ಅದು ಕಣ್ಣಿಗೆ ಬಿದ್ದ ಕೂಡಲೇ ಅಳು ನಿಂತು ಪಿಸುಮಾತು ಶುರುವಾಯಿತು.

ನನ್ನ ಗಂಡನ ಅಣ್ಣ, ನನಗೆ ಭಾವ, ಕೆಟ್ಟ ಮನುಷ್ಯರಲ್ಲ. ಎಲ್ಲರ ಎದುರು ನನ್ನನ್ನು ಕೂರಿಸಿಕೊಂಡು ಮೆಲ್ಲಗೇ ಹೇಳಿದರು.

"ನೋಡವಾ, ನಿನಗ ಬೈಯಾಕ ಹೇಳಾತಿಲ್ಲ. ಗಣಾರಾಧನಿಗೆ ಸ್ವಾಮಿಗಳು ಬರ್ತಾರ. ಅಷ್ಟರಾಗ ಇದು ಗುಡ್ಡದ ಕಡಿ ಹೋಗಿರಬೇಕು."

"ಗುಡ್ಡದಾಗ ಇದು ಬದುಕಂಗಿಲ್ರಿ," ಎಂದೆ.

ನಾದಿನಿ ಅತ್ತು ಅತ್ತು ದನಿ ಹೋಗಿದ್ದವಳು. "ನಮ್ಮಣ್ಣನ ಹೋಗ್ಯಾನ. ನಿನಗ ಹಲ್ಲಿ ಚಿಂತಿ," ಎಂದಳು.

"ಹೌದವಾ. ಅವತ್ತ ಮುಂಜಾನಿ ನಿಮ್ಮಣ್ಣ ಇದಕ್ಕ ಹುಳ ಹಾಕಿ ಹೋಗ್ಯಾರ. ಈಗ ಪಾಳಿ ನಂದು."

ನಾನು ಅಷ್ಟು ಜನರ ಎದುರು ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಸಿಟ್ಟು ಬಂದಿತ್ತು. ಲಿಂಗ ಕಟ್ಟುವ ನಮ್ಮವರಲ್ಲಿ ಸಾವಿನ ಸೂತಕ ಹಿಡಿಯುವುದಿಲ್ಲ. ಸತ್ತವರು ಶಿವನ ಹತ್ತಿರ ಹೋದರು, ಅದರಲ್ಲಿ ಮೈಲಿಗೆ ಎಲ್ಲಿ ಬಂತು ಎಂದು ಹೇಳಿಕೊಡುವ ಮನೆ ಅದು. ಸಾವಿಗೇ ಇಲ್ಲದ ಮೈಲಿಗೆ, ಡಬ್ಬಿಯಲ್ಲಿ ಕಣ್ಣು ಮುಚ್ಚಿ ಮಲಗಿದ ಒಂದು ಹಲ್ಲಿಗೆ ಹೇಗೆ ಬಂತು? ಇದನ್ನು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಅತ್ತೆ, ಯಾರಿಗೂ ಅಲ್ಲ ಎಂಬಂತೆ ಹೇಳಿದರು.

"ಒಂದ್ ಸಲ ಬಂದು ಮುಟ್ಟಿ ಹೋಗಿದ್ರ ಸಾಕಿತ್ತು. ಊರ ಮಂದಿಗೆಲ್ಲ ಆದ ಕೈ ಇದು. ನನ್ನ ಮಗಗ ಆಗಲಿಲ್ಲ."

ಅವರು ತಮ್ಮ ಬಲಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದರು. ಅವರು ದೂರುತ್ತಿದ್ದದ್ದು ನನ್ನ ಹಲ್ಲಿಯನ್ನಷ್ಟೇ ಅಲ್ಲ. ಮಗ ಬರಲಿಲ್ಲ, ತಾನಾದರೂ ಬಸ್ಸು ಹತ್ತಿ ಹೋಗಬಹುದಿತ್ತಲ್ಲ ಎಂಬ ಮಾತು ಆ ಕೈಯಲ್ಲಿತ್ತು. ಹಲ್ಲಿ ಬಿತ್ತೆಂಬ ಆ ಕಥೆ ಹಾಗೆಯೇ ಉಳಿದರೆ ಅತ್ತೆ ಅದನ್ನು ಸಾಯುವ ತನಕ ಹೊರಬೇಕಾಗುತ್ತಿತ್ತು.

ನಾನು ಡಬ್ಬಿ ತೆರೆದೆ. ಹಿಂದೆ ಸರಿಯುವವರು ಸರಿದರು. ಹಲ್ಲಿಯನ್ನು ಎತ್ತಿ, ಅತ್ತೆಯ ಎದುರಿನ ಸುಣ್ಣದ ಗೋಡೆಯ ಬುಡಕ್ಕೆ ತಂದು, ಅದರ ಮುಂಗಾಲು ಗೋಡೆಗೆ ತಾಗಿಸಿ ಬಿಟ್ಟೆ. ಅದು ಒಮ್ಮೆ ಗೋಡೆ ಕೆರೆಯಿತು. ಕಾಲು ಜಾರಿತು. ಮತ್ತೆ ಕೆರೆಯಿತು, ಮತ್ತೆ ಜಾರಿತು. ಆಮೇಲೆ ನಮ್ಮನ್ನೆಲ್ಲ ಒಮ್ಮೆ ನೋಡಿ, ರೆಪ್ಪೆ ಮುಚ್ಚಿ ನೆಲದ ಮೇಲೇ ಕೂತುಬಿಟ್ಟಿತು. ಮೇಲೆ ಮಾಳಿಗೆಯ ಹತ್ತಿರ ಮನೆಯ ಹಲ್ಲಿಯೊಂದು ಟ್ಯೂಬ್‌ಲೈಟಿನ ಹಿಂದೆ ಸರ್ರನೆ ಓಡಿತು. ಅದನ್ನು ಯಾರೂ ಗುಡ್ಡಕ್ಕೆ ಕಳಿಸಿರಲಿಲ್ಲ.

"ಹಂಗಾದ್ರ ಇದು ಬೀಳಲಿಲ್ಲಾ?" ಅತ್ತೆ ಕೇಳಿದರು.

"ಬೀಳಾಕ ಮೊದಲ ಹತ್ತಬೇಕಲ್ರಿ ಅತ್ತಿ. ಅವರ ಎತ್ತಿ ತಲಿ ಮ್ಯಾಲ ಇಟ್ಕೊಂಡಿದ್ರು. ನಗಸಾಕ."

ಅತ್ತೆ ಗೋಡೆಯ ಬುಡದಲ್ಲಿದ್ದ ಹಲ್ಲಿಯನ್ನು ಬಗ್ಗಿ ನೋಡಿದರು. ಆಮೇಲೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಅಡುಗೆಮನೆಯಲ್ಲಿ ಅನ್ನಕ್ಕಿಟ್ಟಿದ್ದಾರಾ ಎಂದು ಕೇಳಿದರು. ಮಗ ಹೋದ ಮೇಲೆ ಅವರು ಅನ್ನದ ಮಾತು ಎತ್ತಿದ್ದು ಅದೇ ಮೊದಲು.

ಭಾವನಿಗೂ ಹಗುರವಾಯಿತು. ಬಿದ್ದರೆ ತಾನೇ ದೋಷ, ಇಟ್ಟುಕೊಂಡರೆ ಪಂಚಾಂಗದಲ್ಲಿ ಏನೂ ಹೇಳಿಲ್ಲ, ಹಾಗಿದ್ದರೆ ಇರಲಿ ಬಿಡು ಎಂದರು. ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಬೇಕಾದದ್ದು ಸಿಕ್ಕಿತ್ತು. ಆದರೆ ಹಾಗೆ ಸಿಕ್ಕದ್ದು ನನಗೆ ಸಾಲಲಿಲ್ಲ. ಕಾಲಲ್ಲಿ ಅಂಟು ಇಲ್ಲ ಎಂಬ ಒಂದೇ ಕಾರಣಕ್ಕೆ ಇದು ಉಳಿಯಿತು. ಅಂಟು ಇದ್ದಿದ್ದರೆ ಇದು ಗುಡ್ಡದ ಪಾಲು, ನಾನು ಗಂಡನನ್ನು ನುಂಗಿದವಳು.

"ಬಿದ್ದಿದ್ರೂ ನಾ ಬಿಡತಿದ್ದಿಲ್ರಿ ಭಾವ," ಎಂದೆ.

ಅವರು ಮುಖ ತಿರುಗಿಸಿಕೊಂಡರು. ಹಠಮಾರಿ ಎಂದು ನಾದಿನಿ ಅಂದದ್ದು ಕೇಳಿಸಿತು. ಗಣಾರಾಧನೆಗೆ ಸ್ವಾಮಿಗಳು ಬಂದರು, ಪಾದಪೂಜೆ ಆಯಿತು, ಪ್ರಸಾದ ಆಯಿತು. ಹಲ್ಲಿ ನಡುಮನೆಯ ಮೂಲೆಯಲ್ಲೇ ಇತ್ತು. ಯಾವ ಅನಾಹುತವೂ ಆಗಲಿಲ್ಲ. ಆಗಬೇಕಾದದ್ದು ಮೊದಲೇ ಆಗಿಹೋಗಿತ್ತು.

ಬಳ್ಳಾರಿಗೆ ಬಂದ ಮೇಲೆ ನನ್ನ ಅಣ್ಣ ಸಿರುಗುಪ್ಪ ತಾಲ್ಲೂಕಿನ ಕರೂರಿನಿಂದ ಬಂದ. ನಮ್ಮ ತವರು ಅಲ್ಲಿ. ನನ್ನ ಹಲ್ಲಿಗೆಂದು ಗದ್ದೆಯ ಬದುವಿನಲ್ಲಿ ಹಿಡಿದ ಮಿಡತೆಗಳನ್ನು ಬಾಟಲಿಯಲ್ಲಿ ತುಂಬಿ ತಂದಿದ್ದ, ಮುಚ್ಚಳಕ್ಕೆ ತೂತು ಹಾಕಿ. ಭತ್ತಕ್ಕೆ ಔಷಧ ಹೊಡೆದಿರುತ್ತಾರೆ, ಗದ್ದೆಯ ಹುಳು ಹಾಕಬೇಡ ಎಂದು ನನ್ನವರು ಹೇಳಿದ್ದರು. ಅಣ್ಣನಿಗೆ ಅದನ್ನು ಹೇಗೆ ಹೇಳುವುದು? ಅವನು ಚಹಾ ಕುಡಿಯುತ್ತಾ, ಅಂಗಡಿ ಯಾರಿಗಾದರೂ ಕೊಟ್ಟುಬಿಡು, ಮನೆಗೆ ಬಾ, ಬೇಕಾದರೆ ಹಲ್ಲಿಯನ್ನೂ ತಗೊಂಡು ಬಾ ಎಂದ. ಅವನ ಪ್ರೀತಿ ದೊಡ್ಡದು. ಆದರೆ ನನಗೆ ಅಂಗಡಿಯ ಹಿಂದಿನ ಕೋಣೆ ನೆನಪಾಯಿತು.

"ನಾ ವಾಪಸ್ ಬರೋ ಮಾಲಲ್ಲಣ್ಣಾ," ಎಂದೆ. ಅವನು ಹೋದ ಮೇಲೆ ಬಾಟಲಿಯನ್ನು ಬಯಲಿಗೆ ಒಯ್ದು ಮಿಡತೆಗಳನ್ನು ಬಿಟ್ಟೆ.

ಅಂಗಡಿ ನಾನೇ ನಡೆಸುತ್ತಿದ್ದೇನೆ. ಮೀನು ಮಾರುತ್ತೇನೆ. ಹಲ್ಲಿ, ಇಗ್ವಾನಾ ಕೇಳಿಕೊಂಡು ಈಗಲೂ ಬರುತ್ತಾರೆ. ಮೊನ್ನೆ ಒಬ್ಬರು ಹೆಣ್ಣುಮಗಳು ಮಗನ ಹುಟ್ಟುಹಬ್ಬಕ್ಕೆ ಇಂಥದೇ ಹಲ್ಲಿ ಬೇಕೆಂದು ಮೊಬೈಲು ತೋರಿಸಿದರು. ಇದು ನಾಯಿಯಷ್ಟೇ ವರ್ಷ ಬದುಕುತ್ತದೆ, ಇನ್ನೂ ಹೆಚ್ಚು ಬದುಕಿದರೂ ಬದುಕಿತು ಎಂದೆ. ಪರವಾಗಿಲ್ಲ ಎಂದರು. ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡ ದಿನವೂ ಇದಕ್ಕೆ ಹುಳು ಹಾಕುವವರು ಇದ್ದಾರಾ ಎಂದು ಕೇಳಿದೆ. ಹುಟ್ಟುಹಬ್ಬದ ದಿನ ಎಂಥ ಅಪಶಕುನ ನುಡಿಯುತ್ತಾಳೆ ಎಂದು ಬೈದುಕೊಂಡು ಹೋದರು. ಹೋಗಲಿ. ಇನ್ನು ಮುಂದೆಯೂ ಎಲ್ಲರಿಗೂ ಅದನ್ನೇ ಕೇಳುತ್ತೇನೆ.

ಆ ಹಳೆಯ ಫೋಟೊವನ್ನು ಗ್ರೂಪಿನಿಂದ ತೆಗೆದುಬಿಡು ಎಂದು ನಾದಿನಿ ಹೇಳಿ ಕಳಿಸಿದಳು. ನೋಡಿದರೆ ಹೊಟ್ಟೆ ಉರಿಯುತ್ತದಂತೆ. ನನಗೂ ಉರಿಯುತ್ತದೆ. ಆದರೆ ಅವರು ನಗಿಸಲು ಕೂತ, ನಾನು ನಗುತ್ತಾ ತೆಗೆದ ಕೊನೆಯ ಫೋಟೊ ಅದು. ಅದರಲ್ಲಿ ತಪ್ಪೇನೂ ಇಲ್ಲ. ಅಳಿಸಿದರೆ ತಪ್ಪು ಇದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ.

ಹೋದ ವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು, ಹಲ್ಲಿಯನ್ನು ಎತ್ತಿ ನನ್ನ ಒದ್ದೆ ಕೂದಲ ಮೇಲೆ ಇಟ್ಟುಕೊಂಡೆ. ಅದರ ಉಗುರು ನೆತ್ತಿಗೆ ಸಣ್ಣಗೆ ತಾಗಿತು. ಅವರಿಗೂ ಹೀಗೇ ತಾಗಿರಬೇಕು. ಕೈ ಚಾಚಿ ಫೋಟೊ ತೆಗೆದು ಅದೇ ಗ್ರೂಪಿಗೆ ಹಾಕಿದೆ. ಯಾರೂ ಏನೂ ಬರೆಯಲಿಲ್ಲ. ಅಂಗಡಿಯ ಬಾಗಿಲು ತೆಗೆಯುವಾಗ ಅತ್ತೆಯ ಫೋನು ಬಂತು.

"ಬಂದು ಕೈ ಮುಟ್ಟಿ ಹೋಗು," ಎಂದರು.

"ಇದು ಬಿದ್ದಿಲ್ರಿ ಅತ್ತಿ. ನಾನ ಇಟ್ಕೊಂಡಿದ್ದು."

"ಗೊತ್ತೈತಿ. ಆದ್ರೂ ಬಾ. ಒಬ್ಬಾವ ಭಾನುವಾರ ಬರ್ತೀನಿ ಅಂದಾವ ಬರಲೇ ಇಲ್ಲ."

ಷಟರಿನ ಕೊಂಡಿ ಹಿಡಿದುಕೊಂಡು ನಿಂತೆ.

"ಬರ್ತೀನ್ರಿ," ಎಂದೆ. "ಆದ್ರ ಅದನ್ನೂ ಕರ್ಕೊಂಡ ಬರ್ತೀನಿ."

ಅತ್ತೆ ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಡಬ್ಬಿ ಮುಚ್ಚಳ ಬಿಗಿ ಹಾಕ್ಕೊಂಡು ಬಾ. ಬಸ್ಸಿನ್ಯಾಗ ಮಂದಿ ಅಂಜತಾರ," ಎಂದರು.